ಓದುಗರ ಪ್ರಶ್ನೆ: ಗ್ರಾಮೀಣ ಮೀಸಲಾತಿ ಕೈತಪ್ಪಿದ್ದೇಕೆ?

ಪ್ರಶ್ನೆ: ಪಿಯುಸಿ ಆಗಿದೆ, 2ಎ ವರ್ಗ. ಹತ್ತನೇ ತರಗತಿವರೆಗೂ ಹಳ್ಳಿಯ ಕನ್ನಡ ಶಾಲೆಯಲ್ಲೇ ಓದಿದವಳು. ಗುಮಾಸ್ತ ಹುದ್ದೆಯೊಂದರ ದಾಖಲೆ ಪರಿಶೀಲನೆಯಲ್ಲಿ ನನ್ನ ಗ್ರಾಮೀಣ ಮೀಸಲಾತಿಯನ್ನು ಒಪ್ಪಲಿಲ್ಲ. ಮುಖ್ಯೋಪಾಧ್ಯಾಯರ ಪತ್ರ ಕೊಟ್ಟಿದ್ದೆ. ತಪ್ಪೆಲ್ಲಾಯಿತು?

ಉತ್ತರ: ಹೆಚ್ಚಾಗಿ ತಪ್ಪುವುದು ಎರಡು ಕಡೆ. ಗ್ರಾಮೀಣ ವ್ಯಾಸಂಗಕ್ಕೆ ನಮೂನೆ-2ರಲ್ಲೇ ಪ್ರಮಾಣಪತ್ರ ಬೇಕು. ಮುಖ್ಯೋಪಾಧ್ಯಾಯರ ಸಹಿಯ ಜೊತೆಗೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿಯೂ ಇರಬೇಕು. ನಿಮ್ಮ ಪತ್ರದಲ್ಲಿ ಎರಡನೆಯ ಸಹಿ ಇದೆಯೇ ನೋಡಿ. ಇನ್ನೊಂದು ತಾರೀಖು: ಅರ್ಜಿಯ ಕೊನೆಯ ದಿನದೊಳಗೆ ಪಡೆದ ಪತ್ರವಷ್ಟೇ ನಡೆಯುತ್ತದೆ. ಪರಿಶೀಲನೆಗೆ ಕರೆ ಬಂದ ಮೇಲೆ ಓಡಾಡಿ ತಂದರೆ ಉಪಯೋಗವಿಲ್ಲ, ಎಷ್ಟೋ ಮಕ್ಕಳು ಎಡವುವುದು ಇಲ್ಲೇ. ಎರಡು ಮೂರು ಶಾಲೆ ಬದಲಿಸಿದ್ದರೆ ಒಂದೊಂದರಿಂದಲೂ ಪತ್ರ ತನ್ನಿ. ಹತ್ತು ವರ್ಷದಲ್ಲಿ ಒಂದೇ ವರ್ಷ ಪೇಟೆಯ ಶಾಲೆಯಲ್ಲಿ ಓದಿದ್ದರೂ ಈ 25% ಮೀಸಲಾತಿ ಸಿಗುವುದಿಲ್ಲ.

ಜಾತಿಗೆ ನಮೂನೆ-ಎಫ್ ಬೇಕು, ತಹಶೀಲ್ದಾರ್ ಕೊಡುತ್ತಾರೆ, ನಾಡಕಚೇರಿಯಲ್ಲಿ ಅರ್ಜಿ ಹಾಕಿ. ಅದರ ಆಯಸ್ಸು 5 ವರ್ಷ. ಪಿಯುಸಿಗೆ ಸೇರುವಾಗ ಮಾಡಿಸಿದ್ದಾದರೆ ಅವಧಿ ಮುಗಿದಿರಬಹುದು. ಕೇಂದ್ರದ ನೌಕರಿಗೆ ಮಾಡಿಸಿದ ಒಬಿಸಿ ಪತ್ರ ರಾಜ್ಯದ ಹುದ್ದೆಗೆ ಆಗದು. ಮದುವೆಯಾಗಿದ್ದರೂ ಜಾತಿ ತವರಿನದೇ.

ಕನ್ನಡ ಮಾಧ್ಯಮದ 5% ಮೀಸಲಾತಿಗೂ ನೀವು ಅರ್ಹರು. ಅದಕ್ಕೆ ಬೇರೆಯೇ ಪತ್ರ, ಮಾದರಿ ಅಧಿಸೂಚನೆಯ ಕೊನೆಯ ಪುಟಗಳಲ್ಲಿರುತ್ತದೆ. ಅರ್ಜಿಯಲ್ಲಿ ಈ ಎರಡು ಮೀಸಲಾತಿಯ ಕಲಂಗಳಿಗೆ 'ಹೌದು' ಎಂದು ಗುರುತು ಹಾಕದಿದ್ದರೆ ಪತ್ರ ಕೈಲಿದ್ದರೂ ಪರಿಗಣಿಸುವುದಿಲ್ಲ.

ಪ್ರಶ್ನೆ: ರಾಜ್ಯದ ಹುದ್ದೆಗಳ ನೇಮಕಾತಿಯಲ್ಲಿ ಕಡ್ಡಾಯ ಕನ್ನಡ ಪರೀಕ್ಷೆಯ ಅಂಕ ಮೆರಿಟ್‌ಗೆ ಸೇರುತ್ತದೆಯೇ?

ಉತ್ತರ: ಸೇರುವುದಿಲ್ಲ. 150ಕ್ಕೆ 50 ಬಂದರೆ ಸಾಕು, ಆದರೆ 49 ಬಂದರೆ ಉಳಿದ ಪತ್ರಿಕೆಗಳಲ್ಲಿ ಎಷ್ಟೇ ಅಂಕವಿದ್ದರೂ ಆಯ್ಕೆಪಟ್ಟಿಗೆ ಬರುವುದಿಲ್ಲ. ಮನೆಮಾತು ಕನ್ನಡ ಎಂದು ಉಪೇಕ್ಷೆ ಬೇಡ. ಪತ್ರ ಬರೆಯುವುದು, ಸಾರಾಂಶ, ಪ್ರಬಂಧ ಇವನ್ನು ಗಡಿಯಾರ ಇಟ್ಟುಕೊಂಡು ಬರೆದು ಅಭ್ಯಾಸ ಮಾಡಿ.

2024ರ ಗ್ರಾಮ ಆಡಳಿತ ಅಧಿಕಾರಿ ನೇಮಕಾತಿಯಲ್ಲಿ 1000 ಹುದ್ದೆಗೆ ಮೆರಿಟ್ ನಿರ್ಧರಿಸಿದ್ದು ತಲಾ 100 ಅಂಕದ ಎರಡು ಪತ್ರಿಕೆ. ಮೊದಲನೆಯದು ಸಾಮಾನ್ಯ ಜ್ಞಾನ. ಎರಡನೆಯದರಲ್ಲಿ ಕನ್ನಡ (ಕಡ್ಡಾಯ ಕನ್ನಡ ಪರೀಕ್ಷೆ ಇದಕ್ಕಿಂತ ಬೇರೆ), ಇಂಗ್ಲಿಷ್, ಕಂಪ್ಯೂಟರ್. ಹಳ್ಳಿಯ ಅಭ್ಯರ್ಥಿಗಳು ಇಂಗ್ಲಿಷ್ ವ್ಯಾಕರಣಕ್ಕೆ ಹೆದರಿ ಕಂಪ್ಯೂಟರನ್ನೂ ಕೈಬಿಡುತ್ತಾರೆ. ಹಾಗೆ ಮಾಡಬೇಡಿ, ಎಂಎಸ್ ಆಫೀಸ್, ಇಂಟರ್ನೆಟ್, ಶಾರ್ಟ್‌ಕಟ್ ಕೀಗಳ ಪ್ರಶ್ನೆಗಳು ಒಂದು ತಿಂಗಳ ಓದಿಗೆ ದಕ್ಕುತ್ತವೆ. ತಪ್ಪು ಉತ್ತರಕ್ಕೆ ಕಾಲು ಅಂಕ ಹೋಗುತ್ತದೆ. ನಾಲ್ಕು ಆಯ್ಕೆಯಲ್ಲಿ ಎರಡನ್ನಾದರೂ ಖಚಿತವಾಗಿ ತಳ್ಳಿಹಾಕಲು ಬಂದರೆ ಮಾತ್ರ ಊಹೆಗೆ ಕೈಹಾಕಿ.