ನಿವೃತ್ತಿಯಾದ ಮೇಲೆ ದೇವರಿಗೆ ನಾನು ಯಾಕೆ ಬೇಕು?: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಅಕ್ಕಾ, ಕರ್ತನಲ್ಲಿ ವಂದನೆಗಳು. 36 ವರ್ಷ ಬ್ಯಾಂಕಿನಲ್ಲಿ ದುಡಿದು ಹೋದ ವರ್ಷ ನಿವೃತ್ತನಾದೆ. ಕೊನೆಯ ಎಂಟು ವರ್ಷ ಮ್ಯಾನೇಜರ್ ಆಗಿದ್ದೆ. ಬೀಳ್ಕೊಡುಗೆ ದಿನ ಶಾಲು ಹೊದಿಸಿ, ಹಾರ ಹಾಕಿ, ಕಾರಿನಲ್ಲಿ ಮನೆ ತನಕ ಬಿಟ್ಟು ಹೋದರು. ಆಮೇಲೆ ಯಾರದೂ ಫೋನ್ ಇಲ್ಲ. ಮಗಳು ಪುಣೆಯಲ್ಲಿ, ಮಗ ಬೆಂಗಳೂರಿನಲ್ಲಿ. ಪೇಪರ್ ಓದಿ ಮುಗಿಸುವಷ್ಟರಲ್ಲಿ ಹತ್ತು ಗಂಟೆ. ಅಡುಗೆಮನೆಗೆ ಹೋದರೆ ಹೆಂಡತಿ 'ನೀವು ಸುಮ್ನೆ ಹೊರಗೆ ಕೂತ್ಕೊಳ್ಳಿ' ಅನ್ನುತ್ತಾಳೆ. ಚರ್ಚ್ ಒಂದು ಭಾನುವಾರವೂ ತಪ್ಪಿಸಿಲ್ಲ, ಆದರೆ ಪ್ರಾರ್ಥನೆಗೆ ಕೂತರೆ 'ಕರ್ತನೇ, ಇನ್ನು ನನ್ನಿಂದ ನಿನಗೇನು ಪ್ರಯೋಜನ' ಅನ್ನುವ ಮಾತು ಬಿಟ್ಟು ಬೇರೆ ಏನೂ ಬರುತ್ತಿಲ್ಲ. ಕೆಲವರು ಸಭೆಯ ಕಮಿಟಿ ಚುನಾವಣೆಗೆ ನಿಲ್ಲಿ ಎಂದು ಒತ್ತಾಯ ಮಾಡುತ್ತಿದ್ದಾರೆ. ಇದೇ ದೇವರ ಕರೆ ಇರಬಹುದಾ?
ಹೆಸರು ಬೇಡ, ಧಾರವಾಡ

ಉತ್ತರ: ಸಹೋದರರೇ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. 'ಆಮೇಲೆ ಯಾರದೂ ಫೋನ್ ಇಲ್ಲ' ಅನ್ನುವ ಕಡೆ ಎರಡು ಸಲವೂ ನಿಂತೆ.

ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದವಳು. ನಿವೃತ್ತಿಯಾದ ಮೊದಲ ಜೂನ್ ನನಗೆ ಇನ್ನೂ ನೆನಪಿದೆ. ಶಾಲೆ ನಮ್ಮ ಮನೆಗೆ ಹತ್ತಿರ. ಬೆಳಗಿನ ಪ್ರಾರ್ಥನೆಯ ಗಂಟೆ ಬಾರಿಸಿದರೆ ಕೇಳಿಸುತ್ತದೆ. ಸೀರೆ ಉಟ್ಟು, ತಲೆ ಬಾಚಿ, ಹೋಗುವುದಕ್ಕೆ ಎಲ್ಲೂ ಇಲ್ಲದೆ ಹೊರಗಿನ ಕೋಣೆಯಲ್ಲಿ ಕೂತು ಅತ್ತಿದ್ದೆ. ಹಾಗಾಗಿ ನಿಮ್ಮ ದುಃಖಕ್ಕೆ ಅಪನಂಬಿಕೆ ಅಂತ ನಾನು ಹೆಸರಿಡುವುದಿಲ್ಲ. ಮೂವತ್ತಾರು ವರ್ಷದ ದಿನಚರಿ ಒಂದೇ ಸಂಜೆಗೆ ಹೋಯಿತು. ಹೋದದ್ದಕ್ಕೆ ಅಳಬೇಕು, ದೇವರ ಮುಂದೆಯೇ ಅಳಬೇಕು. 'ವೃದ್ಧಾಪ್ಯದಲ್ಲಿ ನನ್ನನ್ನು ತಳ್ಳಿಬಿಡಬೇಡ, ನನ್ನ ಬಲ ಕುಂದಿದಾಗ ಕೈಬಿಡಬೇಡ' ಎಂದು 71ನೇ ಕೀರ್ತನೆಯಲ್ಲಿ ಬೇಡಿಕೊಂಡವನೂ ನಿಮ್ಮ ಹಾಗೇ ಹೆದರಿದ್ದವನು. ನಿಮಗೆ ಬೇರೆ ಪ್ರಾರ್ಥನೆ ಬರುತ್ತಿಲ್ಲ ಅಂದಿರಲ್ಲ, ಆ ಕೀರ್ತನೆಯನ್ನೇ ದಿನಾ ಗಟ್ಟಿಯಾಗಿ ಓದಿ. ಸದ್ಯಕ್ಕೆ ಅಷ್ಟು ಸಾಕು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ನಿವೃತ್ತಿ ಅನ್ನುವ ಮಾತೇ ಸತ್ಯವೇದದಲ್ಲಿ ಇಲ್ಲ ಎಂದು ಎಷ್ಟೋ ಪ್ರಸಂಗಗಳಲ್ಲಿ ಕೇಳಿದ್ದೇನೆ. ಅದು ಸರಿಯಲ್ಲ, ಒಂದು ಕಡೆ ಇದೆ. ಅರಣ್ಯಕಾಂಡ 8ನೇ ಅಧ್ಯಾಯದ ಕೊನೆಯ ವಚನಗಳನ್ನು ನೋಡಿ. ಇಸ್ರಾಯೇಲ್ಯರು ಆರಾಧಿಸುತ್ತಿದ್ದ ದೇವದರ್ಶನದ ಗುಡಾರದಲ್ಲಿ ಸೇವೆ ಮಾಡುವ ಲೇವಿಯರು, ಅಂದರೆ ಆ ಸೇವೆಗೆಂದೇ ನೇಮಕವಾದ ಕುಲದವರು, 50 ವರ್ಷ ಆದ ಮೇಲೆ ಕೆಲಸದಿಂದ ಬಿಡುಗಡೆ ಹೊಂದಬೇಕು. ಗುಡಾರದ ಕಂಬ, ಹಲಗೆ, ಪರದೆ ಎಲ್ಲವನ್ನೂ ಮರುಭೂಮಿಯಲ್ಲಿ ಊರಿಂದ ಊರಿಗೆ ಸಾಗಿಸುವ ಕೆಲಸ ಅದು, ಕೆಲವನ್ನಂತೂ ಹೆಗಲ ಮೇಲೆಯೇ ಹೊರಬೇಕಿತ್ತು. ವಯಸ್ಸಾದವನಿಂದ ಅದನ್ನು ಮಾಡಿಸಬೇಡಿ ಎಂದು ದೇವರೇ ಹೇಳುತ್ತಾನೆ. ಅಲ್ಲಿಗೆ ನಿಲ್ಲಿಸದೆ ಇನ್ನೊಂದು ಮಾತು ಸೇರಿಸುತ್ತಾನೆ: ಅವನು ಗುಡಾರದಲ್ಲಿ ತನ್ನ ಸಹೋದರರಿಗೆ ನೆರವಾಗಿ ಕಾವಲು ನೋಡಿಕೊಳ್ಳಬಹುದು. ಐವತ್ತೊಂದರ ಲೇವಿಯನನ್ನು ಯಾರೂ ಮನೆಗೆ ಕಳಿಸಲಿಲ್ಲ, ಮತ್ತೆ ಹೆಗಲು ಕೊಡು ಎಂದೂ ಕರೆಯಲಿಲ್ಲ. ಕಿರಿಯರು ಹೊರುತ್ತಾರೆ, ಇವನು ಪಕ್ಕದಲ್ಲಿರುತ್ತಾನೆ. ಯಾವ ಗಂಟು ಹೇಗೆ ಕಟ್ಟಬೇಕು ಅನ್ನುವುದು ಇವನಿಗೆ ಗೊತ್ತಿರುತ್ತದೆ.

ಹಿರಿಯರಿಗೆ ಧೈರ್ಯ ಹೇಳುವಾಗ ಎಲ್ಲರೂ ಕಾಲೇಬನ ಹೆಸರು ಎತ್ತುತ್ತಾರೆ. 85 ವಯಸ್ಸಿನಲ್ಲಿ 'ಆ ಬೆಟ್ಟದ ಸೀಮೆಯನ್ನು ನನಗೆ ಕೊಡು' ಎಂದು ಯೆಹೋಶುವನ ಹತ್ತಿರ ಕೇಳಿದವನು. ದೊಡ್ಡವನೇ, ಇಲ್ಲ ಅನ್ನುವುದಿಲ್ಲ. ಆದರೆ ಬಿಪಿ ಮಾತ್ರೆ ನುಂಗಿ, ಮೊಣಕಾಲಿಗೆ ಎಣ್ಣೆ ಹಚ್ಚಿಕೊಂಡು ಬೆಂಚಿನ ಮೇಲೆ ಕೂತವರಿಗೆ ಆ ಪ್ರಸಂಗ ಕೇಳಿದಾಗ ತಾವು ಇನ್ನೂ ಸಣ್ಣವರಾದ ಹಾಗೆ ಆಗುತ್ತದೆ. ನನಗೆ ಹತ್ತಿರದವನು ಬರ್ಜಿಲ್ಲೈ. ದಾವೀದನು ಮಗನಿಗೆ ಹೆದರಿ ಓಡಿಹೋಗಿದ್ದಾಗ ಹಾಸಿಗೆ, ಪಾತ್ರೆ, ಗೋದಿ, ಬೇಳೆ, ಜೇನು, ಮೊಸರು ತಂದುಕೊಟ್ಟವರಲ್ಲಿ ಈ ಮುದುಕನೂ ಒಬ್ಬ. ರಾಜ್ಯ ತಿರುಗಿ ಸಿಕ್ಕ ಮೇಲೆ ದಾವೀದ, 'ನನ್ನ ಜೊತೆ ಯೆರೂಸಲೇಮಿಗೆ ಬಾ, ನಿನ್ನನ್ನು ನಾನು ಸಾಕುತ್ತೇನೆ' ಎಂದು ಕರೆಯುತ್ತಾನೆ. ಬರ್ಜಿಲ್ಲೈ ಒಪ್ಪುವುದಿಲ್ಲ. ನನಗೆ 80 ವರ್ಷ, ತಿಂದದ್ದರ ರುಚಿ ತಿಳಿಯುವುದಿಲ್ಲ, ಹಾಡು ಕಿವಿಗೆ ಬೀಳುವುದಿಲ್ಲ, ನಾನು ಯಾಕೆ ನಿನಗೆ ಹೊರೆಯಾಗಲಿ ಅನ್ನುತ್ತಾನೆ. ಆಮೇಲೆ, 'ಇಗೋ ಕಿಮ್ಹಾಮ, ಇವನನ್ನು ಕರಕೊಂಡು ಹೋಗು' ಎಂದು ಕಿರಿಯನೊಬ್ಬನನ್ನು ಮುಂದೆ ಮಾಡುತ್ತಾನೆ. 2 ಸಮುವೇಲ 19ರಲ್ಲಿದೆ, ಪೂರ್ತಿ ಓದಿ. ತನಗೆ ಬಂದ ಕುರ್ಚಿಯನ್ನು ಇನ್ನೊಬ್ಬನಿಗೆ ಕೊಡಿಸಿದ, ಅದೂ ಮನಸ್ಸಿನಲ್ಲಿ ಕಹಿ ಇಲ್ಲದೆ.

ಕಮಿಟಿ ಚುನಾವಣೆ ಬಗ್ಗೆ ನನ್ನ ಉತ್ತರ ಇದರಲ್ಲೇ ಇದೆ, ಆದರೂ ನೇರವಾಗಿ ಹೇಳುತ್ತೇನೆ: ಈ ಸಲ ನಿಲ್ಲಬೇಡಿ. ಕಮಿಟಿ ಕೆಟ್ಟದ್ದು ಅಂತಲ್ಲ. ನೀವು ಈಗ ತಾನೇ ಒಂದು ಕುರ್ಚಿ ಬಿಟ್ಟು ಬಂದಿದ್ದೀರಿ, ಇನ್ನೂ ಒಂದು ವರ್ಷ ಆಗಿದೆ ಅಷ್ಟೇ, ಆ ಜಾಗ ಖಾಲಿ ಅನ್ನಿಸುವಾಗ ಬೇರೆ ಯಾವ ಕುರ್ಚಿ ಕಂಡರೂ ದೇವರ ಕರೆಯ ಹಾಗೆಯೇ ಕಾಣುತ್ತದೆ. ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ನಿವೃತ್ತಿಯಾದ ವರ್ಷವೇ ನಮ್ಮ ಸಭೆಯ ಸಂಡೇ ಸ್ಕೂಲ್ ವಹಿಸಿಕೊಂಡೆ. ಅಲ್ಲಿ ಆಗಲೇ ಒಬ್ಬ ಹುಡುಗಿ ಚೆನ್ನಾಗಿ ಕಲಿಸುತ್ತಿದ್ದಳು. ನಾನು ಪಾಠದ ಪಟ್ಟಿ ಬದಲಿಸಿದೆ, ಹಾಡು ಬದಲಿಸಿದೆ, ಮಕ್ಕಳ ಎದುರೇ ಅವಳ ತಪ್ಪು ತಿದ್ದಿದೆ. ಅವಳು ಬರುವುದು ಬಿಟ್ಟಳು. ದೇವರ ಸೇವೆ ಅಂದುಕೊಂಡು ನಾನು ಕಳೆದುಕೊಂಡ ತರಗತಿಯನ್ನು ಹುಡುಕಿಕೊಂಡಿದ್ದೆ. ಎರಡು ವರ್ಷ ಕಳೆದ ಮೇಲೆ ಅವಳ ಮನೆಗೆ ಹೋಗಿ ಕ್ಷಮೆ ಕೇಳಿದೆ. ಈಗ ಅವಳು ಕಲಿಸುತ್ತಾಳೆ, ನಾನು ಹಿಂದಿನ ಸಾಲಿನಲ್ಲಿ ಓದು ಬಾರದ ಮಕ್ಕಳ ಪಕ್ಕ ಕೂರುತ್ತೇನೆ.

ಹಾಗಾದರೆ ನಾನೇನು ಮಾಡಲಿ ಅಂತೀರಾ? ನಿಮಗೆ ಬ್ಯಾಂಕ್ ಗೊತ್ತು. ಅದು ಎಷ್ಟು ದೊಡ್ಡ ವಿದ್ಯೆ ಅನ್ನುವುದು ಒಳಗೆ ಇದ್ದವರಿಗೆ ತಿಳಿಯುವುದಿಲ್ಲ. ನವೆಂಬರ್ ಬಂದರೆ ಪಿಂಚಣಿದಾರರು ಜೀವನ ಪ್ರಮಾಣಪತ್ರ ಕೊಡಬೇಕು, ಅಲ್ವಾ? ಎಷ್ಟೋ ಅಜ್ಜಿಯರ ಬೆರಳಿನ ಗೆರೆ ಸವೆದು ಮಷಿನ್ ಹಿಡಿಯುವುದೇ ಇಲ್ಲ. ಮೊಬೈಲಿನಲ್ಲಿ ಮುಖ ತೋರಿಸಿಯೂ ಕೊಡಬಹುದು ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ. ಗಂಡ ತೀರಿಕೊಂಡ ಮೇಲೆ ಕುಟುಂಬ ಪಿಂಚಣಿಗೆ ಯಾವ ಕಾಗದ ಕೊಡಬೇಕು ಎಂದು ತಿಳಿಯದೆ ತಿಂಗಳುಗಟ್ಟಲೆ ಅಲೆಯುವ ಹೆಂಗಸರಿದ್ದಾರೆ. ಪಾಸ್‌ಬುಕ್ಕಿಗೆ ನಾಮಿನಿ ಹೆಸರೇ ಇರುವುದಿಲ್ಲ. 65 ದಾಟಿದ ಬಡವರಿಗೆ ಸಂಧ್ಯಾ ಸುರಕ್ಷಾ ಪಿಂಚಣಿ ಇದೆ, ಅರ್ಜಿ ಬರೆದುಕೊಡುವವರಿಲ್ಲ. ಓಟಿಪಿ ಕೇಳುವ ಕಳ್ಳರು ಬೇರೆ. ವಾರದಲ್ಲಿ ಒಂದು ದಿನ, ಮಂಗಳವಾರ ಅಂತ ಇಟ್ಟುಕೊಳ್ಳಿ, ಅಯ್ಯನವರನ್ನು ಕೇಳಿ ಚರ್ಚಿನ ಪಕ್ಕದ ಕೊಠಡಿಯಲ್ಲಿ ಒಂದು ಮೇಜು ಹಾಕಿ ಹತ್ತರಿಂದ ಒಂದರ ತನಕ ಕೂರಿ. ಯಾವ ಜಾತಿ, ಯಾವ ಧರ್ಮ ಎಂದು ಕೇಳಬೇಡಿ, ಬಂದವರ ಕೆಲಸ ಮಾಡಿಕೊಡಿ. ಒಂದೇ ಕಟ್ಟುನಿಟ್ಟು: ಯಾರ ಪಿನ್ ನಂಬರನ್ನೂ ಕೇಳಬಾರದು, ಯಾರ ದುಡ್ಡನ್ನೂ ಕೈಯಲ್ಲಿ ಹಿಡಿಯಬಾರದು. ಮೊದಲ ಎರಡು ಮಂಗಳವಾರ ಯಾರೂ ಬರದೆ ಇರಬಹುದು. ಆಗಲೂ ಎದ್ದು ಹೋಗಬೇಡಿ. ಸಭೆಯ ಲೆಕ್ಕ ಬರೆಯುವ ಹುಡುಗ ಇದ್ದಾನಲ್ಲ, ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಆಡಿಟ್‌ಗೆ ಹೇಗೆ ತಯಾರಾಗಬೇಕು ಎಂದು ಕಲಿಸಿ. ಅವನೇ ನಿಮ್ಮ ಕಿಮ್ಹಾಮ.

ನೀವು ಧಾರವಾಡದವರು, ಅದಕ್ಕೇ ಇನ್ನೊಂದು ಮಾತು ಹೇಳಬೇಕು ಅನ್ನಿಸಿತು. ಬಾಸೆಲ್ ಮಿಷನ್ನಿನ ಫರ್ಡಿನಾಂಡ್ ಕಿಟೆಲ್ ಹುಟ್ಟಿದ್ದು 1832ರಲ್ಲಿ. ಅವರ ಕನ್ನಡ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂದದ್ದು 1894ರಲ್ಲಿ, ಅಂದರೆ 62ನೇ ವಯಸ್ಸಿಗೆ. ಕನ್ನಡ ವ್ಯಾಕರಣದ ಪುಸ್ತಕ ಬಂದದ್ದು 1903ರಲ್ಲಿ, ಅದೇ ವರ್ಷ ಡಿಸೆಂಬರಿನಲ್ಲಿ ತೀರಿಕೊಂಡರು. ಪಾಠ ಹೇಳುವಾಗ ಆ ನಿಘಂಟನ್ನು ಎಷ್ಟು ಸಲ ತೆರೆದಿದ್ದೇನೋ ಲೆಕ್ಕವಿಲ್ಲ. ನಾನೂ ನೀವೂ ಕಿಟೆಲ್ ಆಗಬೇಕಿಲ್ಲ. ಒಂದು ಶಬ್ದ ಬರೆದು, ಅದರ ಅರ್ಥ ನೋಡಿ, ಮುಂದಿನ ಶಬ್ದಕ್ಕೆ ಹೋದ ಮನುಷ್ಯ ಅವರು, ಅದನ್ನೇ ವರ್ಷಗಟ್ಟಲೆ ಮಾಡಿದರು. ಮಂಗಳವಾರದ ಮೇಜೂ ಅದೇ ಥರದ ಕೆಲಸ.

ಹೆಂಡತಿಯವರ ವಿಷಯ. ನಿಮಗೆ ನಿವೃತ್ತಿಯಾಯಿತು, ಅವರಿಗೆ ಆಗಲಿಲ್ಲ. ಅಡುಗೆಮನೆ ಅವರ ಬ್ರ್ಯಾಂಚ್, ಅಲ್ಲಿಗೆ ಹೊಸ ಮ್ಯಾನೇಜರ್ ಬೇಕಿಲ್ಲ. ಸಲಹೆ ಕೊಡುವುದನ್ನು ಬಿಟ್ಟು ಸಂತೆಯಿಂದ ತರಕಾರಿ ತರುವುದು, ಸೊಪ್ಪು ಬಿಡಿಸುವುದು, ಊಟದ ನಂತರ ಪಾತ್ರೆ ತೊಳೆಯುವುದು, ಇವನ್ನು ನಿಮ್ಮದಾಗಿ ಮಾಡಿಕೊಳ್ಳಿ. ಯೇಸು ಸ್ವಾಮಿ ಶಿಷ್ಯರ ಕಾಲು ತೊಳೆದದ್ದನ್ನು ಪ್ರತಿ ವರ್ಷ ಶುಭ ಶುಕ್ರವಾರದ ಹಿಂದಿನ ರಾತ್ರಿ ಓದುತ್ತೇವಲ್ಲ, ಅದು ಮನೆಯಿಂದಲೇ ಶುರುವಾಗಲಿ.

ಕೊನೆಗೆ ಒಂದು ಎಚ್ಚರಿಕೆ, ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ನಿದ್ದೆ ಬಾರದೆ, ಊಟ ಸೇರದೆ, ಬದುಕೇ ಬೇಡ ಅನ್ನಿಸುವುದು ವಾರಗಟ್ಟಲೆ ಇದ್ದರೆ ಪ್ರಾರ್ಥನೆಯ ಜೊತೆಗೆ ಡಾಕ್ಟರೂ ಬೇಕು. ನಿಮ್ಮ ಊರಿನಲ್ಲೇ ಮನೋರೋಗದ ಆಸ್ಪತ್ರೆ ಡಿಮ್ಹಾನ್ಸ್ ಇದೆ. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಮಾತಾಡುತ್ತಾರೆ, ದುಡ್ಡಿಲ್ಲ. ಸುವಾರ್ತೆ ಬರೆದ ಲೂಕನೂ ವೈದ್ಯನೇ ಆಗಿದ್ದ.

ಪ್ರಶ್ನೆ: ನನಗೆ 74. ಯಜಮಾನರು ಹೋಗಿ ಆರು ವರ್ಷ. ಮೊದಲು ಸ್ತ್ರೀಯರ ಸಂಘದಲ್ಲಿ ಓಡಾಡಿಕೊಂಡು ಇದ್ದೆ. ಈಗ ಮೊಣಕಾಲು ಪೂರ್ತಿ ಹೋಗಿದೆ, ಮಂಚದಿಂದ ಬಚ್ಚಲಿಗೆ ಹೋಗುವುದೇ ದೊಡ್ಡದು. ಸೊಸೆ ಒಳ್ಳೆಯವಳು, ಎಲ್ಲ ಮಾಡುತ್ತಾಳೆ. ಆದರೆ ನಾನು ಸುಮ್ಮನೆ ಕೂತು ತಿನ್ನುತ್ತೇನಲ್ಲಾ ಅನ್ನಿಸುತ್ತದೆ. ಬರೀ ಪ್ರಾರ್ಥನೆ ಮಾಡುತ್ತೇನೆ, ಅದನ್ನು ಕೆಲಸ ಅನ್ನಬಹುದಾ?
ಒಬ್ಬ ತಾಯಿ, ಗದಗ-ಬೆಟಗೇರಿ

ಉತ್ತರ: ಅಮ್ಮಾ, ಆ 'ಬರೀ' ಅನ್ನುವ ಮಾತನ್ನು ದಯವಿಟ್ಟು ತೆಗೆದುಬಿಡಿ. ಲೂಕ 2ರಲ್ಲಿ ಫನುವೇಲನ ಮಗಳು ಅನ್ನಳು ಇದ್ದಾಳೆ. ಗಂಡನ ಜೊತೆ ಏಳೇ ವರ್ಷ ಬಾಳಿ ವಿಧವೆಯಾದವಳು, 84 ವಯಸ್ಸು. ಉಪವಾಸ, ಪ್ರಾರ್ಥನೆ ಬಿಟ್ಟರೆ ಅವಳ ದಿನಚರಿಯಲ್ಲಿ ಬೇರೆ ಯಾವ ಕೆಲಸವನ್ನೂ ಲೂಕ ಬರೆಯುವುದಿಲ್ಲ. ದೇವಾಲಯದಲ್ಲಿ ಅಷ್ಟೊಂದು ಯಾಜಕರು ಓಡಾಡುತ್ತಿದ್ದರೂ ಬಡವರ ಕಾಣಿಕೆ ಹಿಡಿದು ಬಂದ ತಾಯಿ ಮರಿಯಳ ಕೈಯಲ್ಲಿದ್ದ ಕೂಸು ಯೇಸು ಯಾರೆಂದು ಗುರುತು ಹಿಡಿದವರು ಮುದುಕ ಸಿಮೆಯೋನ ಮತ್ತು ಈ ಮುದುಕಿ. ವರ್ಷಗಟ್ಟಲೆ ಕಾದು ಕೂತಿದ್ದ ಕಣ್ಣಿಗೆ ಕಂಡಿತು.

ಒಂದು ನೂರು ಪುಟದ ನೋಟ್‌ಬುಕ್ ತರಿಸಿಕೊಳ್ಳಿ. ದಿನಕ್ಕೆ ಮೂರು ಹೆಸರು ಬರೆಯಿರಿ, ಜಾಸ್ತಿ ಬೇಡ. ಪರೀಕ್ಷೆ ಬರೆಯುವ ಹುಡುಗ, ಹೆರಿಗೆಗೆ ಹೋದವಳು, ಕೆಲಸ ಕಳೆದುಕೊಂಡವನು. ಪ್ರಾರ್ಥನೆ ಮಾಡಿದ ಮೇಲೆ ಅವರಲ್ಲಿ ಒಬ್ಬರಿಗೆ ಫೋನ್ ಮಾಡಿ, 'ಇವತ್ತು ನಿನ್ನ ಹೆಸರು ಹಿಡಿದು ಬೇಡಿಕೊಂಡೆ' ಎಂದು ಹೇಳಿ. ಉಪದೇಶ ಬೇಡ, ಅಷ್ಟೇ ಸಾಕು. ನನಗೆ ಒಬ್ಬ ಅಜ್ಜಿ ಹಾಗೆ ಫೋನ್ ಮಾಡುತ್ತಿದ್ದರು, ಅವರು ಹೋದ ಮೇಲೆ ಆ ಹೊತ್ತಿಗೆ ಫೋನ್ ನೋಡುವುದನ್ನು ಬಿಡಲು ನನಗೆ ಬಹಳ ದಿನ ಬೇಕಾಯಿತು. ಮೊಮ್ಮಕ್ಕಳಿದ್ದರೆ ಕತ್ತಲಾದ ಮೇಲೆ ಪಕ್ಕದಲ್ಲಿ ಮಲಗಿಸಿಕೊಂಡು ನಿಮ್ಮ ಕಾಲದ ಕಥೆ ಹೇಳಿ, ಗೀತಪುಸ್ತಕದ ಹಾಡು ಬಾಯಿಪಾಠ ಮಾಡಿಸಿ. ತಿಮೊಥೆಯನ ನಂಬಿಕೆ ಮೊದಲು ಅಜ್ಜಿ ಲೋವಿಯಲ್ಲಿ ಇತ್ತು ಎಂದು ಪೌಲ ಹೆಸರು ಹಿಡಿದೇ ಬರೆದಿದ್ದಾನೆ.

ಇನ್ನು ಸೊಸೆಯ ಕೈಯಿಂದ ಮಾಡಿಸಿಕೊಳ್ಳುವುದು. ಅದು ನಮ್ಮಂಥವರಿಗೆ ಎಲ್ಲಕ್ಕಿಂತ ಕಷ್ಟ, ಇಷ್ಟು ವರ್ಷ ಮಾಡಿ ಹಾಕಿಯೇ ಅಭ್ಯಾಸ. ಯೇಸು ಪೇತ್ರನಿಗೆ ಹೇಳಿದ್ದನ್ನು ನೋಡಿ: ಚಿಕ್ಕವನಾಗಿದ್ದಾಗ ನೀನೇ ನಡು ಕಟ್ಟಿಕೊಂಡು ಬೇಕಾದ ಕಡೆ ಹೋಗುತ್ತಿದ್ದೆ, ಮುದುಕನಾದಾಗ ನೀನು ಕೈ ಚಾಚುವೆ, ಮತ್ತೊಬ್ಬನು ನಿನ್ನ ನಡು ಕಟ್ಟುವನು. ಅದು ಪೇತ್ರನ ಸಾವಿನ ಬಗ್ಗೆ ಹೇಳಿದ ಮಾತು, ನಿಜ. ಆದರೆ ಅದಾದ ತಕ್ಷಣವೇ 'ನನ್ನನ್ನು ಹಿಂಬಾಲಿಸು' ಅನ್ನುತ್ತಾನೆ. ನಡು ಕಟ್ಟಿಸಿಕೊಳ್ಳುವ ಕಾಲದಲ್ಲೂ ಹಿಂಬಾಲಿಸಬಹುದು ಅಮ್ಮಾ. ಇವತ್ತು ಸೊಸೆ ಸ್ನಾನಕ್ಕೆ ಕೈ ಹಿಡಿದಾಗ 'ಪಾಪ, ನಿನಗೆ ತೊಂದರೆ' ಅನ್ನಬೇಡಿ. ಅವಳ ತಲೆಯ ಮೇಲೆ ಕೈ ಇಟ್ಟು ಆಶೀರ್ವಾದ ಮಾಡಿ.

ಪ್ರಶ್ನೆ: ನಾನು ನಮ್ಮ ಸಭೆಯ ಯುವಕರ ಸಂಘದ ಕಾರ್ಯದರ್ಶಿ. ಹಿರಿಯರಿಗಾಗಿ ಒಂದು ಕಾರ್ಯಕ್ರಮ ಮಾಡಬೇಕು ಅಂತಿದ್ದೇವೆ. ಶಾಲು, ಹಣ್ಣು, ಊಟ ಇಟ್ಟುಕೊಂಡಿದ್ದೇವೆ. ಬೇರೆ ಏನು ಮಾಡಬಹುದು ಆಂಟಿ?
ಹುಬ್ಬಳ್ಳಿಯಿಂದ ಒಬ್ಬ ಯುವಕ

ಉತ್ತರ: ಮಗಾ, ಮನಸ್ಸು ಒಳ್ಳೆಯದು, ಊಟ ಇರಲಿ. ಶಾಲು ಬೇಡ. ನಮ್ಮ ಬೀರುವಿನಲ್ಲಿ ಶಾಲು ಇಡಲು ಜಾಗ ಇಲ್ಲ. ಬದಲಿಗೆ ನಮ್ಮ ಹತ್ತಿರ ಏನಾದರೂ ಕೇಳಿ. ಇಬ್ಬಿಬ್ಬರು ಒಂದೊಂದು ಮನೆಗೆ ಹೋಗಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ: ಈ ಚರ್ಚಿಗೆ ಮೊದಲು ಯಾವಾಗ ಬಂದಿರಿ, ಕ್ವಯರ್ ಯಾರು ನಡೆಸುತ್ತಿದ್ದರು, ಬರಗಾಲದಲ್ಲಿ ಏನು ತಿಂದಿರಿ, ಯಾವ ಪ್ರಾರ್ಥನೆಗೆ ಉತ್ತರ ಸಿಗಲಿಲ್ಲ. ಈ ಕೊನೆಯದನ್ನು ಬಿಡಬೇಡಿ. ನಿಮಗೆ ಗೊತ್ತಿಲ್ಲದ ಹಳೆಯ ರಾಗಗಳು ಅವರಿಗೆ ಗೊತ್ತು, ಹಾಡಿಸಿ ಕಲಿಯಿರಿ.

ಅದಕ್ಕೂ ಮೊದಲು ಈ ಭಾನುವಾರ ನಿಮ್ಮ ಚರ್ಚಿನ ಬಾಗಿಲ ಹತ್ತಿರ ನಿಂತು, ಹಿರಿಯರು ಮೆಟ್ಟಿಲು ಹೇಗೆ ಹತ್ತುತ್ತಾರೆ ನೋಡು. ಹಿಡಿದುಕೊಳ್ಳಲು ಕಂಬಿ ಇಲ್ಲದಿದ್ದರೆ ಶಾಲಿನ ದುಡ್ಡಿನಲ್ಲಿ ಅದನ್ನು ಹಾಕಿಸಿ, ಎರಡೂ ಬದಿಗೆ.