ಮುದ್ದೆ ಯಾವಾಗ ತಿನ್ನಬಹುದು?

ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ನಂತರದ ಆರೈಕೆ ಕುರಿತ ಪ್ರಶ್ನೆಗಳಿಗೆ ಈ ಸಲದ ಉತ್ತರ

ಪ್ರಶ್ನೆ: ಅಮ್ಮನಿಗೆ 52 ವರ್ಷ. ಸ್ಲೀವ್ ಆಪರೇಷನ್ ಆಗಿ 40 ದಿನ. ಗಂಜಿ, ತಿಳಿಸಾರು ಕುಡಿದು ಬೇಸರವಾಗಿ ಮೊನ್ನೆ ನಿಂಬೆಹಣ್ಣಿನ ಗಾತ್ರದ ಮುದ್ದೆ ಉಂಡರು. ಎದೆ ನಡುವೆ ಸಿಕ್ಕಿಕೊಂಡ ಹಾಗಾಗಿ ಬಾಯಿತುಂಬ ಜೊಲ್ಲು ಬಂತು, ವಾಂತಿ ಆದ ಮೇಲೇ ಸಮಾಧಾನ. ಆಮೇಲಿಂದ ಅನ್ನ ಉಂಡರೂ ದಿನಕ್ಕೊಮ್ಮೆ ವಾಂತಿ. ‘ಈ ಆಪರೇಷನ್ ಆದವರಿಗೆಲ್ಲ ಹೀಗೇ’ ಅಂತಾರೆ ನೆಂಟರು. ನಿಜವೇ?
– ಓದುಗರೊಬ್ಬರು, ಮಂಡ್ಯ

ಉತ್ತರ: ನಿಜವಲ್ಲ. ದಿನವೂ ವಾಂತಿಯಾಗುತ್ತಿದ್ದರೆ ‘ಹೊಂದಿಕೊಳ್ಳುತ್ತೆ ಬಿಡು’ ಎಂದು ಕಾಯಬೇಡಿ. ಇದೇ ವಾರ ಶಸ್ತ್ರಚಿಕಿತ್ಸಕರಿಗೆ ತೋರಿಸಿ. ಉಳಿದ ಜಠರದಲ್ಲಿ ಎಲ್ಲಾದರೂ ಇರುಕಾಗಿದ್ದರೆ ಎಂಡೋಸ್ಕೋಪಿಯಲ್ಲಿ ಗೊತ್ತಾಗುತ್ತದೆ, ಬಲೂನಿನಿಂದ ಹಿಗ್ಗಿಸಲೂ ಬರುತ್ತದೆ.

ಸ್ಲೀವ್‌ನಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚು ತೆಗೆಯುತ್ತಾರೆ. ಉಳಿಯುವುದು ಬಾಳೆಹಣ್ಣಿನ ಆಕಾರದ ಕೊಳವೆ. ಅದರಲ್ಲಿ ಹಿಡಿಸುವುದು 100ರಿಂದ 150 ಮಿ.ಲೀ., ಅಂದರೆ ಒಂದು ಸಣ್ಣ ಕಾಫಿ ಲೋಟದಷ್ಟು. ಮೊದಲ ವಾರಗಳಲ್ಲಿ ಒಳಗಿನ ಊತದಿಂದ ಜಾಗ ಇನ್ನೂ ಕಡಿಮೆ. ಮುದ್ದೆಯನ್ನು ನಾವು ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತೇವೆ. ದೊಡ್ಡ ಜಠರ ಇದ್ದಾಗ ಅದು ಕಡೆದು ಕರಗಿಸುತ್ತಿತ್ತು. ಈಗಿನ ಕೊಳವೆಯಲ್ಲಿ ಅಂಟು ತುತ್ತು ಹಾಗೇ ನಿಲ್ಲುತ್ತದೆ. ಅಂಟಂಟು ಅನ್ನ, ಬ್ರೆಡ್, ಚಪಾತಿಯ ಪಾಡೂ ಇದೇ.

ವೈದ್ಯರನ್ನು ಕಾಣುವ ತನಕ ಒಂದು ಹಂತ ಹಿಂದಕ್ಕೆ ಹೋಗಿ: ಹೆಸರುಬೇಳೆ ಕಟ್ಟು, ನುಣ್ಣಗೆ ಮಸೆದ ಬೇಳೆ, ಮೊಸರು, ತೆಳು ಮಜ್ಜಿಗೆ. ವಾಂತಿ ನಿಂತ ಮೇಲೆ ಮೆತ್ತಗಿನ ಊಟ ಶುರು ಮಾಡಬಹುದು. ದೊಡ್ಡ ತಟ್ಟೆ ಬೇಡ, ಸಣ್ಣ ಬಟ್ಟಲು ಮತ್ತು ಟೀ ಚಮಚ ಸಾಕು. ಅರ್ಧ ಚಮಚ ಬಾಯಿಗಿಟ್ಟು ಇಪ್ಪತ್ತು ಸಲವಾದರೂ ಅಗಿಯಬೇಕು, ಚಮಚ ಕೆಳಗಿಟ್ಟು ಒಂದು ನಿಮಿಷ ಬಿಟ್ಟು ಮುಂದಿನದು. ಒಂದು ಊಟ 20–30 ನಿಮಿಷ ಹಿಡಿಯಲಿ. ಎದೆಗೂಡಿನ ಕೆಳಗೆ ಬಿಗಿತ, ಬಿಕ್ಕಳಿಕೆ, ಮೂಗಿನಲ್ಲಿ ನೀರು, ಇವು ‘ತುಂಬಿತು’ ಎನ್ನುವ ಸೂಚನೆ. ಅಲ್ಲಿಗೆ ನಿಲ್ಲಿಸಬೇಕು, ‘ಇನ್ನೊಂದೇ ತುತ್ತು’ ಎಂದು ಯಾರೂ ಒತ್ತಾಯ ಮಾಡಬಾರದು. ಊಟದ ಜೊತೆ ನೀರು ಬೇಡ. ಊಟವಾಗಿ ಅರ್ಧ ಗಂಟೆಯ ಮೇಲೆ ಗುಟುಕು ಗುಟುಕಾಗಿ ಕುಡಿಯುತ್ತಾ ದಿನಕ್ಕೆ ಒಂದೂವರೆ ಲೀಟರ್ ಮುಟ್ಟಿಸಿ.

ಮುದ್ದೆಗೆ ಮೂರು ತಿಂಗಳು ಕಾಯುವುದು ಒಳ್ಳೆಯದು. ಆಗಲೂ ಕಡಲೆಕಾಳಿನಷ್ಟು ತುತ್ತು, ಅದೂ ಅಗಿದು. 100 ಗ್ರಾಂ ರಾಗಿಹಿಟ್ಟಿನಲ್ಲಿ ಪ್ರೋಟೀನ್ ಸುಮಾರು 7 ಗ್ರಾಂ ಮಾತ್ರ. ಹಾಗಾಗಿ ಬೇಳೆ, ಮೊಟ್ಟೆ, ಕೋಳಿ ಒಳಗೆ ಹೋದ ನಂತರ ಜಾಗ ಉಳಿದರೆ ಮುದ್ದೆ.

ಇಷ್ಟನ್ನು ಮಾತ್ರ ಮರೆಯಬೇಡಿ: ನೀರೂ ನಿಲ್ಲದಿದ್ದರೆ, ಮೂತ್ರ ಕಡಿಮೆಯಾಗಿ ಗಾಢ ಬಣ್ಣಕ್ಕೆ ತಿರುಗಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ವಾಂತಿ ಮುಂದುವರಿದರೆ ಥಯಮಿನ್, ಅಂದರೆ ಬಿ1 ಜೀವಸತ್ವ, ಬೇಗ ಬರಿದಾಗುತ್ತದೆ. ಒಂದು ವಸ್ತು ಎರಡಾಗಿ ಕಾಣುವುದು, ನಡೆವಾಗ ತೂರಾಡುವುದು, ಮಾತು ಗೊಂದಲವಾಗುವುದು ಅದರ ಗುರುತು. ಸುಸ್ತು ಅಂತ ಹೋದರೆ ಮೊದಲು ಗ್ಲೂಕೋಸ್ ಬಾಟಲಿ ಹಾಕುವುದು ನಮ್ಮ ಕಡೆ ರೂಢಿ. ಥಯಮಿನ್ ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮಿದುಳಿಗೆ ಶಾಶ್ವತ ಹಾನಿಯಾಗಬಹುದು. ‘ಹೊಟ್ಟೆ ಕಿರಿದು ಮಾಡುವ ಆಪರೇಷನ್ ಆಗಿದೆ, ವಾಂತಿ ಇದೆ, ಮೊದಲು ಥಯಮಿನ್ ಇಂಜೆಕ್ಷನ್ ಕೊಡಿ’ ಎಂದು ಬಾಯಿಬಿಟ್ಟು ಹೇಳಿ.

ಪ್ರಶ್ನೆ: ಸ್ಲೀವ್ ಆಗಿ ನಾಲ್ಕು ತಿಂಗಳು. ತಲೆ ಬಾಚಿದರೆ ಹಿಡಿ ಹಿಡಿ ಕೂದಲು ಬರುತ್ತಿದೆ. ನಮ್ಮಲ್ಲಿ ಮೊಟ್ಟೆಯೂ ತಿನ್ನುವುದಿಲ್ಲ. ಬಯೋಟಿನ್ ಜೀವಸತ್ವದ ಮಾತ್ರೆ ತಗೊಳ್ಳಲೇ?
– ಓದುಗರೊಬ್ಬರು, ಧಾರವಾಡ

ಉತ್ತರ: ತೂಕ ಸರ್ರನೆ ಇಳಿದಾಗ ಬಹಳಷ್ಟು ಕೂದಲು ಒಟ್ಟಿಗೇ ಬೆಳವಣಿಗೆ ನಿಲ್ಲಿಸಿ, ಎರಡು ಮೂರು ತಿಂಗಳ ನಂತರ ಉದುರುತ್ತವೆ. ಬೇರು ಸತ್ತಿರುವುದಿಲ್ಲ, ಸಾಮಾನ್ಯವಾಗಿ ಮತ್ತೆ ಬೆಳೆಯುತ್ತದೆ. ಕೊರತೆ ಇಲ್ಲದವರಿಗೆ ಬಯೋಟಿನ್‌ನಿಂದ ಉಪಯೋಗ ಕಾಣದು. ಜೊತೆಗೆ ಅದು ಥೈರಾಯ್ಡ್ ರಕ್ತಪರೀಕ್ಷೆಯ ಫಲಿತಾಂಶವನ್ನೂ ತಪ್ಪಾಗಿ ತೋರಿಸಬಲ್ಲದು. ಆ ದುಡ್ಡಿನಲ್ಲಿ ಪನೀರ್ ಕೊಳ್ಳಿ.

ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕು. 400 ಮಿ.ಲೀ. ಹಾಲಿನಲ್ಲಿ ಸುಮಾರು 13 ಗ್ರಾಂ, 100 ಗ್ರಾಂ ಪನೀರಿನಲ್ಲಿ 18, ಸಣ್ಣ ಬಟ್ಟಲು ಮೊಸರಿನಲ್ಲಿ 5, ಎರಡು ಸಣ್ಣ ಬಟ್ಟಲು ಗಟ್ಟಿ ಬೇಳೆಯಲ್ಲಿ 10. ಒಟ್ಟು 46 ಆಯಿತು. ಬಾಕಿಯದನ್ನು ವ್ಹೇ ಪ್ರೋಟೀನ್ ಪುಡಿಯ ಒಂದು ಅಳತೆ ತುಂಬಿಕೊಡುತ್ತದೆ. ತಟ್ಟೆಯಲ್ಲಿ ಮೊದಲು ಬೇಳೆ–ಪನೀರ್, ಆಮೇಲೆ ಪಲ್ಯ, ಕೊನೆಗೆ ಅನ್ನ.

ಕಬ್ಬಿಣದ ಮಾತ್ರೆ ಮತ್ತು ಕ್ಯಾಲ್ಸಿಯಂ ನಡುವೆ ಎರಡು ಗಂಟೆ ಅಂತರವಿರಲಿ. ಕಬ್ಬಿಣದ ಮಾತ್ರೆಯನ್ನು ಕಾಫಿ, ಟೀ, ಹಾಲಿನ ಜೊತೆ ತೆಗೆದುಕೊಂಡರೆ ಸರಿಯಾಗಿ ಮೈಗೆ ಹತ್ತುವುದಿಲ್ಲ, ನಿಂಬೆ ಪಾನಕಕ್ಕೆ ಸಕ್ಕರೆ ಹಾಕದೆ ಅದರ ಜೊತೆ ನುಂಗಿ. ಆಮ್ಲ ಕಡಿಮೆಯಾದ ಜಠರಕ್ಕೆ ಕ್ಯಾಲ್ಸಿಯಂ ಕಾರ್ಬೊನೇಟ್‌ಗಿಂತ ಸಿಟ್ರೇಟ್ ಮೇಲು. ಬಿ12 ಜೀವನಪೂರ್ತಿ ಬೇಕು, ಸಸ್ಯಾಹಾರಿಗಳು ಇದನ್ನು ಬಿಡಲೇಬಾರದು. ಒಂಬತ್ತು ತಿಂಗಳು ಕಳೆದರೂ ಉದುರುವುದು ನಿಲ್ಲದಿದ್ದರೆ ಫೆರಿಟಿನ್ (ಮೈಯಲ್ಲಿನ ಕಬ್ಬಿಣದ ದಾಸ್ತಾನು), ಜಿಂಕ್, ಥೈರಾಯ್ಡ್ ಪರೀಕ್ಷೆ ಮಾಡಿಸಿ.

ಪ್ರಶ್ನೆ: ತೂಕ ಇಳಿಸಲು ಹೊಟ್ಟೆಯ ಬೈಪಾಸ್ (ಜಠರವನ್ನು ಕಿರಿದು ಮಾಡಿ ಸಣ್ಣ ಕರುಳಿಗೆ ಜೋಡಿಸುವ ಆಪರೇಷನ್) ಆಗಿ ಏಳು ತಿಂಗಳು. ಹಬ್ಬಕ್ಕೆ ಅರ್ಧ ಹೋಳಿಗೆ ತಿಂದೆ. 20 ನಿಮಿಷಕ್ಕೆ ಎದೆ ಡವಡವ, ಬೆವರು, ಹೊಟ್ಟೆ ನುಲಿತ, ಭೇದಿ. ಹೃದಯದ ತೊಂದರೆಯೇ?
– ಓದುಗರೊಬ್ಬರು, ತುಮಕೂರು

ಉತ್ತರ: ನೀವು ಹೇಳುವ ಲಕ್ಷಣಗಳು ಡಂಪಿಂಗ್‌ಗೆ, ಅಂದರೆ ತಿಂದದ್ದು ಬೇಗನೆ ಕರುಳಿಗೆ ಸುರಿದುಬಿಡುವ ತೊಂದರೆಗೆ, ಹೊಂದುತ್ತವೆ. ಹೂರಣದ ಬೆಲ್ಲ ಜಠರದಲ್ಲಿ ನಿಲ್ಲದೆ ನೇರ ಸಣ್ಣ ಕರುಳಿಗೆ ಇಳಿದು ಮೈಯ ನೀರನ್ನು ಅಲ್ಲಿಗೆ ಎಳೆದುಕೊಳ್ಳುತ್ತದೆ. ಬೆಲ್ಲ ಸಕ್ಕರೆಗಿಂತ ಸೌಮ್ಯ ಎನ್ನುವ ನಂಬಿಕೆ ಇಲ್ಲಿ ಕೆಲಸಕ್ಕೆ ಬರದು. ಹೀಗಾದಾಗ ಅರ್ಧ ಗಂಟೆ ಮಲಗಿ. ತಿಂದ ಒಂದರಿಂದ ಮೂರು ಗಂಟೆಗೆ ಕೈ ನಡುಗಿ ಕಣ್ಣು ಮಂಜಾದರೆ ಅದು ಬೇರೆ, ರಕ್ತದ ಸಕ್ಕರೆ ಕುಸಿದಿರುತ್ತದೆ. ಗ್ಲೂಕೋಮೀಟರ್ 70ಕ್ಕಿಂತ ಕೆಳಗೆ ತೋರಿಸಿದರೆ ಎರಡು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿದು, ಹಿಂದೆಯೇ ಸ್ವಲ್ಪ ಪನೀರ್ ಅಥವಾ ಮೊಟ್ಟೆ ತಿನ್ನಿ, ವೈದ್ಯರಿಗೂ ತಿಳಿಸಿ. ಎದೆನೋವು ಇದ್ದರೆ ಮಾತ್ರ ಡಂಪಿಂಗ್ ಎಂದು ಸುಮ್ಮನಿರದೆ ತಕ್ಷಣ ಇಸಿಜಿ ಮಾಡಿಸಿ.

ಪ್ರಶ್ನೆ: ನನಗೂ ಹೊಟ್ಟೆಯ ಬೈಪಾಸ್ ಆಗಿದೆ. ಮಂಡಿನೋವಿಗೆ ಮೆಡಿಕಲ್ ಶಾಪಿನ ಮಾತ್ರೆ ನುಂಗಬಹುದೇ?
– ಓದುಗರೊಬ್ಬರು, ಹಾಸನ

ಉತ್ತರ: ಡೈಕ್ಲೋಫೆನಾಕ್, ಐಬುಪ್ರೊಫೆನ್, ಅಸಿಕ್ಲೋಫೆನಾಕ್ ಯಾವುದೂ ಬೇಡ. ಕರುಳು ಜೋಡಿಸಿದ ಜಾಗದಲ್ಲಿ ಇವು ಹುಣ್ಣು ಮಾಡುತ್ತವೆ. ಬೀಡಿ, ಸಿಗರೇಟಿನಿಂದಲೂ ಅದೇ ಹುಣ್ಣು. ಪ್ಯಾರಾಸಿಟಮಾಲ್ ಜೊತೆ ಇವನ್ನು ಬೆರೆಸಿದ ಮಾತ್ರೆಗಳೂ ಇವೆ, ಹಿಂಬದಿಯ ಸಣ್ಣ ಅಕ್ಷರ ಓದಿ. ಬರೀ ಪ್ಯಾರಾಸಿಟಮಾಲ್ ಆದರೆ ಅಡ್ಡಿಯಿಲ್ಲ, ಅಳತೆ ವೈದ್ಯರನ್ನು ಕೇಳಿ. ಈಗಾಗಲೇ ನುಂಗಿದ್ದು, ಹೊಟ್ಟೆಯ ಮೇಲ್ಭಾಗ ಉರಿಯುತ್ತಿದ್ದರೆ ಅಥವಾ ಮಲ ಡಾಂಬರಿನಂತೆ ಕಪ್ಪಗಾಗಿದ್ದರೆ ನಾಳೆಗೆ ಬಿಡದೆ ಇವತ್ತೇ ಆಸ್ಪತ್ರೆಗೆ ಹೋಗಿ.