ಮೋಗ್ಲಿಯ ಗುಟ್ಟು, ಬಲೂವಿನ ಬೊಜ್ಜು

ಪ್ರಶ್ನೆ: ದೂರದರ್ಶನದ ಕಾಲದ ಮೋಗ್ಲಿ ಕಾರ್ಟೂನ್ ಹಾಕಿದರೆ ಮಕ್ಕಳು ಈಗಲೂ ಕದಲುವುದಿಲ್ಲ. ಏನದರ ಗುಟ್ಟು? ಹೊಸ ಟಿವಿಯಲ್ಲಿ ಬಲೂ ಕರಡಿ ಮಾತ್ರ ವಿಪರೀತ ಅಗಲ!
— ಓದುಗರು, ಕೋಥ್ರೂಡ್, ಪುಣೆ

ಉತ್ತರ: ಜಪಾನಿನ ನಿಪ್ಪಾನ್ ಆನಿಮೇಷನ್ 1989ರಲ್ಲಿ ಶುರುಮಾಡಿದ ಈ ಸರಣಿಗೆ 52 ಕಂತು. ಹಾಗಾಗಿ ಮೋಗ್ಲಿ ನಿಧಾನಕ್ಕೆ ಬೆಳೆಯುತ್ತಾನೆ. ಶೇರ್‌ಖಾನ್ ಹುಲಿ ಒಂದೇ ಕಂತಿಗೆ ಸೋತು ಹೋಗುವ ಪೈಕಿಯಲ್ಲ, ಹೆದರಿಕೆ ಉಳಿಯುತ್ತದೆ. ಹಿಂದಿಯಲ್ಲಿ ಶೇರ್‌ಖಾನ್‌ಗೆ ನಾನಾ ಪಾಟೇಕರ್ ದನಿ, ಶೀರ್ಷಿಕೆ ಹಾಡಿಗೆ ಗುಲ್ಜಾರ್ ಸಾಹಿತ್ಯ. ಇದು ಜಪಾನಿನದೆಂಬುದೇ ಮರೆತುಹೋಗಿದ್ದು ಅದರಿಂದ!

ಕರಡಿಯ ಬೊಜ್ಜಿಗೆ ಕಾರಣ ಬೇರೆ: ಮೂಲ ಚಿತ್ರದ ಅಗಲ-ಎತ್ತರದ ಅನುಪಾತ 4:3, ನಿಮ್ಮ ಪರದೆಯದು 16:9. ಎಳೆದು ತುಂಬಿಸಿದರೆ ಎಲ್ಲವೂ ಮೂರನೇ ಒಂದರಷ್ಟು ಹಿಗ್ಗುತ್ತದೆ. ಪಿಕ್ಚರ್ ಸೆಟ್ಟಿಂಗ್‌ನಲ್ಲಿ 4:3 ಆರಿಸಿ. ಜೂಮ್ ಬೇಡ, ತಲೆ-ಕಾಲು ಕತ್ತರಿಸುತ್ತದೆ. ಎರಡು ಬದಿಯ ಕಪ್ಪು ಪಟ್ಟಿ ಇರಲಿ ಬಿಡಿ.